ಮಾವನ ರಿವೈಂಡಿಂಗ್ ಅಂಗಡಿಯ ವೆಬ್‌ಸೈಟ್ ರಿಪೇರಿ ಮಾಡಿದ ಕಥೆ

ಹಿರಿಯೂರಿನಲ್ಲಿ ನನ್ನ ಸೋದರಮಾವನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಬೋರ್ ಮೋಟರ್ ತಂದು ಹಾಕಿದರೆ ಹಳೇ ಕಾಯಿಲ್ ಕಿತ್ತು, ಹೊಸದು ಸುತ್ತಿ ಕೊಡುತ್ತಾರೆ. ಮೂರು ವರ್ಷಕ್ಕೂ ಹಿಂದೆ ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ದುಡ್ಡು ತಗೊಂಡಿರಲಿಲ್ಲ, ಊಟ ತಗೊಂಡಿದ್ದೆ. ಎರಡು ವರ್ಷ ಆದಮೇಲೆ ಒಂದು ಸಲ ಊರಿಗೆ ಹೋದಾಗ ಮಾವ ಕೇಳಿದರು. "ಅಲ್ಲ ಕಣೋ, ನೀನು ಮಾಡಿದ ಸೈಟ್ ಐತಲ್ಲ, ಅದು ಎಲ್ಲೈತೆ?"

ಫೋನ್ ತೆಗೆದು ಹುಡುಕಿದೆ. ಅಂಗಡಿ ಹೆಸರು ಹಾಕಿದರೆ ಗೂಗಲ್ ಮ್ಯಾಪ್‌ನ ಗುರುತು ಬಂತು, ಯಾರೋ ಹಾಕಿದ್ದ ಅಂಗಡಿ ಬಾಗಿಲಿನ ಫೋಟೋ ಬಂತು. ಸೈಟ್ ಮಾತ್ರ ಬರಲಿಲ್ಲ. ಮೊದಲ ಪುಟದಲ್ಲಿಲ್ಲ, ಐದನೇ ಪುಟದಲ್ಲೂ ಇಲ್ಲ.

"ಬ್ಲಾಗ್ ಬರೀಬೇಕು ಮಾವ, ಆಗ ಗೂಗಲ್‌ನಲ್ಲಿ ಮೇಲೆ ಬರುತ್ತೆ" ಅಂದುಬಿಟ್ಟೆ. ಎಲ್ಲರೂ ಹೇಳುವ ಮಾತು ಅದು. ಆ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಅಂತ ಗೊತ್ತಾಗಲು ನನಗೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಬೆಂಗಳೂರಿನಿಂದ ಸುಮಾರು 160 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಬಂದು ಭಾನುವಾರಗಳಲ್ಲಿ ಮಾಡಿದ ಕೆಲಸ. ಮಾಡಿದ್ದು, ಕೆಡಿಸಿದ್ದು ಎರಡನ್ನೂ ಬರೆದಿಡುತ್ತಿದ್ದೇನೆ.

ಮೊದಲ ಭಾನುವಾರ: ಬೀಗ ಹಾಕಿದ್ದು ನಾನೇ

ಬ್ಲಾಗ್ ಆಮೇಲೆ. ಮೊದಲು ಗೂಗಲ್‌ಗೆ ಈ ಸೈಟ್ ಗೊತ್ತಾ ಅಂತ ನೋಡಬೇಕಿತ್ತು. ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಸೈಟ್ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ವಿಳಾಸ ಕೊಟ್ಟರೆ ಆ ಸೈಟಿನ ಯಾವ ಯಾವ ಪುಟ ಗೂಗಲ್‌ನಲ್ಲಿದೆ ಅಂತ ಒಂದು ಅಂದಾಜು ಸಿಗುತ್ತದೆ. ನಮ್ಮದಕ್ಕೆ ಸೊನ್ನೆ ಬಂತು.

ಸೈಟ್ ಇರುವುದು ವರ್ಡ್‌ಪ್ರೆಸ್‌ನಲ್ಲಿ, ಅಂದರೆ ಸೈಟ್ ಕಟ್ಟುವ ಒಂದು ತಂತ್ರಾಂಶದಲ್ಲಿ. ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಅಂತ ಒಂದು ಪುಟ ಇದೆ. ಅದರ ಕೊನೆಯಲ್ಲಿ, ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸದಿರಲಿ ಅನ್ನುವ ಅರ್ಥದ ಒಂದು ಟಿಕ್ ಬಾಕ್ಸ್. ಅರ್ಧಂಬರ್ಧ ಸೈಟ್ ಯಾರ ಕಣ್ಣಿಗೂ ಬೀಳದಿರಲಿ ಅಂತ ಕೆಲಸ ನಡೆಯುವಾಗ ಟಿಕ್ ಹಾಕಿದ್ದೆ. ತೆಗೆಯಲು ಮರೆತಿದ್ದೆ. ಎರಡು ವರ್ಷ ಪ್ರತಿ ಪುಟವೂ ಗೂಗಲ್‌ಗೆ "ನನ್ನನ್ನು ಪಟ್ಟಿಗೆ ಸೇರಿಸಬೇಡ" ಅಂತ ಹೇಳುತ್ತಾ ಕೂತಿತ್ತು. ಹಳೇ ವರ್ಡ್‌ಪ್ರೆಸ್‌ನಲ್ಲಿ ಈ ಟಿಕ್, ಸರ್ಚ್ ಎಂಜಿನ್‌ಗಳು ಎಲ್ಲಿಗೆ ಬರಬಾರದು ಅಂತ ಹೇಳುವ ರೋಬೋಟ್ಸ್ ಫೈಲಿನ ಮೂಲಕ ಬಾಗಿಲು ಮುಚ್ಚುತ್ತಿತ್ತು. 2019ರ 5.3 ಆವೃತ್ತಿಯಿಂದ ಪುಟದ ಒಳಗೇ ನೋಇಂಡೆಕ್ಸ್ ಗುರುತು ಹಾಕುತ್ತದೆ. ಸೈಟಿನ ಪುಟಗಳ ಪಟ್ಟಿ ಇರುವ ಸೈಟ್‌ಮ್ಯಾಪ್ ಫೈಲ್ ವರ್ಡ್‌ಪ್ರೆಸ್ ತಾನೇ ಮಾಡಿಕೊಡುತ್ತದೆ, ಆದರೆ ಟಿಕ್ ಇದ್ದಾಗ ಅದೂ ಮುಚ್ಚಿಕೊಂಡಿರುತ್ತದೆ.

ಟಿಕ್ ತೆಗೆದೆ. ಮಾವನಿಗೆ ಹೇಳಬೇಕಾ ಬೇಡವಾ ಅಂತ ಸ್ವಲ್ಪ ಹೊತ್ತು ಯೋಚಿಸಿದೆ. ಹೇಳಿದೆ. "ಶಟರ್ ಎಳೆದು ಒಳಗೆ ಕೂತು ಗಿರಾಕಿ ಬರ್ಲಿಲ್ಲ ಅಂದಂಗಾಯ್ತು" ಅಂದರು. ಅಷ್ಟಕ್ಕೇ ಬಿಟ್ಟರು, ಪುಣ್ಯ.

ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಸೈಟನ್ನು ಸೇರಿಸಿ, ಸೈಟ್‌ಮ್ಯಾಪ್ ಕೊಟ್ಟು, ಮುಖ್ಯವಾದ ಎರಡು ಪುಟಕ್ಕೆ ಇಂಡೆಕ್ಸ್ ಮಾಡಿ, ಅಂದರೆ ಪಟ್ಟಿಗೆ ಸೇರಿಸಿ ಅಂತ ಕೋರಿಕೆ ಹಾಕಿದೆ. ಇದು ಪುಕ್ಕಟೆ. ಗೂಗಲ್ ನಮ್ಮ ಸೈಟನ್ನು ಹೇಗೆ ನೋಡುತ್ತಿದೆ ಅಂತ ಗೂಗಲ್ಲೇ ಹೇಳುವ ಜಾಗ ಇದೊಂದೇ. ಉಳಿದವರು ಹೇಳುವುದೆಲ್ಲ ಅಂದಾಜು.

ಕನ್ನಡದಂತೆ ಕಾಣುತ್ತಿತ್ತು, ಕನ್ನಡ ಆಗಿರಲಿಲ್ಲ

ಒಂದು ವಾರಕ್ಕೆ ಮೊದಲ ಪುಟ ಪಟ್ಟಿಗೆ ಸೇರಿತು. ಆದರೆ ಗೂಗಲ್‌ನಲ್ಲಿ ಅದರ ಕೆಳಗೆ ಬಂದ ಎರಡು ಸಾಲಿನ ವಿವರಣೆ ನೋಡಿ ತಲೆ ಕೆಟ್ಟಿತು. ಬರೀ ಇಂಗ್ಲಿಷ್ ಅಕ್ಷರ, ಮೇಲೆ ಕೊಂಬು, ಪಕ್ಕದಲ್ಲಿ ಚುಕ್ಕೆ. ಒಂದು ಪದವೂ ಅರ್ಥವಾಗುವಂತಿಲ್ಲ.

ಕಾರಣ ಇಷ್ಟು. ಅಂಗಡಿಯ ಹಳೇ ಕರಪತ್ರದ ಫೈಲನ್ನು ಡಿಟಿಪಿಯವರಿಂದ ತಂದಿದ್ದೆ. ಅದು, ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಕೊಡುವ ಯುನಿಕೋಡ್‌ಗೆ ಮೊದಲಿನ ನುಡಿ ಫಾಂಟ್‌ನಲ್ಲಿತ್ತು. ಅಂಥ ಬರಹದ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ ಅಷ್ಟೆ. ನಾನು ಅದನ್ನು ಹಾಗೇ ಸೈಟಿಗೆ ಅಂಟಿಸಿ, ಫಾಂಟ್ ಫೈಲನ್ನೂ ಜೊತೆಗೆ ಏರಿಸಿದ್ದೆ. ನೋಡುವವರಿಗೆ ಚೆಂದದ ಕನ್ನಡ. ಗೂಗಲ್‌ಗೆ ವೇಷ ಕಾಣುವುದಿಲ್ಲ, ಒಳಗಿನ ಸಂಕೇತ ಮಾತ್ರ ಕಾಣುತ್ತದೆ. "ಮೋಟರ್" ಅನ್ನುವ ಪದ ನಮ್ಮ ಸೈಟಿನಲ್ಲಿ ಒಂದೇ ಒಂದು ಸಲವೂ ಇರಲಿಲ್ಲ ಅಂದಂತೆ.

ನಿಮ್ಮ ಸೈಟ್ ಹಳೆಯದಾಗಿದ್ದರೆ ಒಂದು ಪರೀಕ್ಷೆ ಮಾಡಿ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡವೇ ಬಂದರೆ ಸರಿ. ಕಸ ಬಂದರೆ ನಿಮ್ಮದೂ ನಮ್ಮ ಕಥೆಯೇ.

ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿದೆ. ಅರ್ಕಾವತ್ತು ಬಂದ ಕಡೆಯೆಲ್ಲ ಕೆಲವು ಪದ ಕೆಟ್ಟವು, ಕೂತು ಕೈಯಲ್ಲಿ ತಿದ್ದಿದೆ. ದರಪಟ್ಟಿ ಒಂದು ಫೋಟೋ ಆಗಿತ್ತು, ಅದನ್ನು ಟೈಪ್ ಮಾಡಿ ಅಕ್ಷರವಾಗಿಸಿದೆ. ಥೀಮ್‌ನಲ್ಲಿ, ಓದುವವರಿಗೆ ಕಾಣದ ಕೀವರ್ಡ್ಸ್ ಅನ್ನುವ ಮೆಟಾ ಜಾಗಕ್ಕೆ ನಾನೇ ತುಂಬಿದ್ದ ಮೂವತ್ತು ಪದಗಳನ್ನೂ ಕಿತ್ತೆ. ಯಾರು ಮೇಲೆ, ಯಾರು ಕೆಳಗೆ ಅನ್ನುವ ಶ್ರೇಣಿಗೆ ಆ ಜಾಗವನ್ನು ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿತ್ತು. ಅಷ್ಟು ವರ್ಷ ಆದಮೇಲೂ ಅಷ್ಟು ಭಕ್ತಿಯಿಂದ ತುಂಬಿದ್ದೆನಲ್ಲ, ಏನು ಹೇಳೋದು.

ಫೋನಿನ ಪಕ್ಕದ ನೋಟ್‌ಬುಕ್

ಈಗ ಬ್ಲಾಗ್. ನಾನು ಬೆಂಗಳೂರಿನಲ್ಲೇ ಕೂತು ಮೊದಲ ಲೇಖನ ಬರೆದೆ. "ಸಬ್‌ಮರ್ಸಿಬಲ್ ಪಂಪ್‌ಗಳ ವೈಫಲ್ಯದ ಪ್ರಮುಖ ಕಾರಣಗಳು". ಹೊಗಳಿಸಿಕೊಳ್ಳೋಣ ಅಂತ ಮಾವನಿಗೆ ಓದಿ ಹೇಳಿದೆ.

"ಚೆನ್ನಾಗೈತೆ. ಯಾರಿಗೆ ಇದು?" ಅಂದರು.

"ರೈತರಿಗೆ ಮಾವ."

"ನನ್ ಅಂಗಡಿಗೆ ಇಷ್ಟು ವರ್ಷದಾಗೆ ಒಬ್ಬನೂ ಬಂದು ವೈಫಲ್ಯ ಆಗೈತೆ ಅಂದಿಲ್ಲ."

ಆ ಭಾನುವಾರ ಇಡೀ ದಿನ ಅಂಗಡಿಯಲ್ಲಿ ಕೂತೆ. ಕಾಯಿಲ್ ಸುತ್ತುವ ಮೇಜಿನ ಮೂಲೆಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು, ಬಂದ ಪ್ರತಿ ಫೋನಿನಲ್ಲೂ ಮೊದಲ ವಾಕ್ಯ ಏನು ಅಂತ ಹಾಗೇ ಬರೆದುಕೊಂಡೆ. ಮೋಟ್ರು ಗುಂಯ್ ಅಂತೈತೆ, ತಿರುಗಲ್ಲ. ಸ್ಟಾರ್ಟರ್ ಹಿಡಿತೈತೆ, ಬಿಡ್ತೈತೆ. ಮೋಟ್ರು ಓಡ್ತೈತೆ, ನೀರು ಬರಲ್ಲ. ಮೀಟರ್‌ನಾಗೆ ಆಂಪ್ಸ್ ಜಾಸ್ತಿ ತೋರಿಸ್ತೈತೆ. ಐದು ಎಚ್‌ಪಿ ಸುತ್ತೋಕೆ ಎಷ್ಟಾಗ್ತೈತೆ. ಎರಡು ಫೇಸ್‌ನಾಗೆ ಕಂಡೆನ್ಸರ್ ಹಾಕಿ ಓಡಿಸ್ಬೋದಾ.

ಆಮೇಲೆ ಅಂಗಡಿ ಹುಡುಗನೇ ಬರೆಯುತ್ತಾ ಹೋದ. ಒಂದು ತಿಂಗಳಲ್ಲಿ ನಾಲ್ಕು ಪುಟ ತುಂಬಿತು. ಎಷ್ಟೋ ಕರೆ, ಆದರೆ ಪ್ರಶ್ನೆ ನೋಡಿದರೆ ಇಪ್ಪತ್ತರ ಒಳಗೇ. ಅವೇ ಮತ್ತೆ ಮತ್ತೆ.

ಇಡೀ ರಿಪೇರಿಯಲ್ಲಿ ನಾನು ಮಾಡಿದ ಸರಿಯಾದ ಕೆಲಸ ಇದೊಂದೇ ಅನ್ನಿಸುತ್ತದೆ. ನಮ್ಮ ಸೈಟಿನಲ್ಲಿ ಇದ್ದದ್ದು ಐದು ಪುಟ. ನಮ್ಮ ಬಗ್ಗೆ, ಸೇವೆಗಳು, ದರ, ಫೋಟೋ, ಸಂಪರ್ಕ. ಇವುಗಳಲ್ಲಿ "ಗುಂಯ್" ಅನ್ನುವ ಪದ ಎಲ್ಲಿ ಬರಬೇಕು? ಹೊಲದಲ್ಲಿ ನಿಂತು ಫೋನ್ ತೆಗೆಯುವವನು ರಿವೈಂಡಿಂಗ್ ಸೇವೆ ಅಂತ ಹುಡುಕುವುದಿಲ್ಲ. ಅವನಿಗೆ ಮೋಟರ್ ಸುಟ್ಟಿದೆ ಅಂತಲೇ ಇನ್ನೂ ಗೊತ್ತಿಲ್ಲ. ಅವನ ಬಾಯಲ್ಲಿರುವ ಮಾತು ಸೈಟಿನಲ್ಲಿ ಎಲ್ಲೂ ಇಲ್ಲ ಅಂದರೆ ಗೂಗಲ್ ಏನನ್ನು ಹುಡುಕಿ ಕೊಡಬೇಕು, ಅಲ್ವಾ? ಬ್ಲಾಗ್ ಅನ್ನುವುದು ಆ ಮಾತುಗಳಿಗೆ ಸೈಟಿನಲ್ಲಿ ಒಂದು ಜಾಗ. ವಾರಕ್ಕಿಷ್ಟು ಬರೆದರೆ ಗೂಗಲ್ ಖುಷಿಯಾಗುತ್ತದೆ ಅನ್ನುವುದೆಲ್ಲ ಸುಮ್ನೆ.

ಒಂದು ಬರಹ ಹೇಗೆ ಆಯ್ತು

ಮೊದಲು ಕೈಗೆತ್ತಿಕೊಂಡಿದ್ದು "ಮೋಟ್ರು ಗುಂಯ್ ಅನ್ನುತ್ತೆ, ತಿರುಗಲ್ಲ". ಮಾವ ಕೆಲಸ ಮಾಡುತ್ತಲೇ ಹೇಳಿದರು, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ವಿಷಯ ಹೀಗೆ. ತ್ರೀ ಫೇಸ್ ಮೋಟರ್‌ಗೆ ಮೂರರಲ್ಲಿ ಒಂದು ಫೇಸ್ ಬರದಿದ್ದರೆ, ನಿಂತ ಮೋಟರ್ ತಾನಾಗಿ ತಿರುಗಲಾರದು. ಗುಂಯ್ ಅನ್ನುತ್ತದೆ, ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ. ಆಗ ಮತ್ತೆ ಮತ್ತೆ ಸ್ಟಾರ್ಟ್ ಬಟನ್ ಒತ್ತುವುದೇ ಸುಡುವ ದಾರಿ. ಓಡುತ್ತಿರುವಾಗ ಒಂದು ಫೇಸ್ ಹೋದರೆ ಇನ್ನೂ ಮೋಸ. ಅದು ಓಡುತ್ತಲೇ ಇರುತ್ತದೆ, ಉಳಿದೆರಡು ಫೇಸ್ ಮೇಲೆ ಭಾರ ಬೀಳುತ್ತದೆ, ಹೊರಗಿದ್ದವರಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ, ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇರುವ ಸ್ಟಾರ್ಟರ್ ಹಾಕಿಸಿ ಅನ್ನುವುದು. ಯಾವ ಎರಡು ಫೇಸ್ ನಡುವೆ ನೋಡಿದರೂ ಸುಮಾರು 415 ವೋಲ್ಟ್ ಇರಬೇಕು. ಮೀಟರ್ ಹಿಡಿಯಲು ಬರದವರು ಪ್ಯಾನೆಲ್ ತೆಗೆಯಬಾರದು, ವೈರ್‌ಮ್ಯಾನ್ ಕರೆಯಬೇಕು. ಈ ಸಾಲನ್ನು ಮಾವ ಎರಡು ಸಲ ಬರೆಸಿದರು.

ಆಮೇಲೆ ಅವರು ಒಂದು ಮಾತು ಹೇಳಿದರು. ಅದಕ್ಕೆ ನನ್ನ ಮಟ್ಟಿಗೆ ಇಡೀ ಬರಹದ ಬೆಲೆ. ಸ್ಟಾರ್ ಕನೆಕ್ಷನ್ ಇರುವ, ಅಂದರೆ ಮೂರೂ ಕಾಯಿಲ್‌ನ ಒಂದೊಂದು ತುದಿ ಒಂದೆಡೆ ಸೇರಿಸಿರುವ ಮೋಟರ್ ಬಿಚ್ಚಿದಾಗ ಎರಡು ಫೇಸ್‌ನ ಕಾಯಿಲ್ ಕರಗಿ ಕಪ್ಪಾಗಿ, ಮೂರನೆಯದು ಹೊಸದರ ಹಾಗೆ ಇದ್ದರೆ, ಅದು ಫೇಸ್ ಹೋಗಿ ಸುಟ್ಟಿದ್ದು. ಮೂರೂ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್. ಬಿಚ್ಚಿದ ಮೇಲೆ ಮಾವ ಗಿರಾಕಿಗೆ ತೋರಿಸುವುದೂ ಇದನ್ನೇ. "ನೋಡಪ್ಪ, ಇದು ಮೋಟರ್ ತಪ್ಪಲ್ಲ." ಎರಡೂ ತರದ ಮೋಟರ್ ಅಂಗಡಿಯಲ್ಲಿ ಬಿದ್ದಿದ್ದವು. ಪಕ್ಕಪಕ್ಕ ಇಟ್ಟು ಫೋಟೋ ತೆಗೆದೆ. ಈ ಫೋಟೋ ಬೇರೆ ಸೈಟಿನಿಂದ ಎತ್ತಿದ್ದಲ್ಲ. ಗೂಗಲ್ ತನ್ನ ಗುಣಮಟ್ಟದ ಮಾರ್ಗಸೂಚಿಯಲ್ಲಿ 2022ರ ಡಿಸೆಂಬರ್‌ನಲ್ಲಿ ಸ್ವಂತ ಅನುಭವ ಅನ್ನುವುದನ್ನು ಸೇರಿಸಿತು. ಮಾವನ ಗ್ರೀಸ್ ಕೈ ಫೋಟೋದ ಅಂಚಿನಲ್ಲಿ ಬಂದಿತ್ತು. ಕತ್ತರಿಸಲಿಲ್ಲ, ಇರಲಿ ಅಂತ ಬಿಟ್ಟೆ.

ಫೋಟೋ ಫೋನಿನಿಂದ ಬಂದಾಗ 4 ಎಂಬಿ ದಾಟಿತ್ತು. ಚಿಕ್ಕದು ಮಾಡಿ 150 ಕೆಬಿ ಆಸುಪಾಸಿಗೆ ತಂದೆ. ಹೊಲದಲ್ಲಿ ಸಿಗ್ನಲ್ ಒಂದು ಕಡ್ಡಿ ಇರುತ್ತದೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಅಳತೆ ಇಟ್ಟಿದೆ. ಅದಿರಲಿ, ನಾಲ್ಕು ಎಂಬಿ ಫೋಟೋಗೆ ಕಾಯುವಷ್ಟು ತಾಳ್ಮೆ ಮೋಟರ್ ಸುಟ್ಟವನಿಗೆ ಎಲ್ಲಿರುತ್ತದೆ? ಚಿತ್ರದ ವಿವರಣೆಗೆ ಇರುವ ಆಲ್ಟ್ ಜಾಗದಲ್ಲಿ ಚಿತ್ರದಲ್ಲಿ ಏನಿದೆಯೋ ಅದನ್ನೇ ಬರೆದೆ.

ಬರಹದ ಕೊನೆಗೆ ಎರಡು ಕೊಂಡಿ. ಒಂದು ರಿವೈಂಡಿಂಗ್ ದರದ ಪುಟಕ್ಕೆ, ಇನ್ನೊಂದು ಸ್ಟಾರ್ಟರ್ ಬಗ್ಗೆ ಬರೆದದ್ದಕ್ಕೆ. "ಇಲ್ಲಿ ಒತ್ತಿ" ಅಂತ ಬರೆಯಲಿಲ್ಲ. "ಐದು ಎಚ್‌ಪಿ ಮೋಟರ್ ಸುತ್ತಲು ಎಷ್ಟಾಗುತ್ತದೆ" ಅನ್ನುವ ಪದಗಳ ಮೇಲೇ ಕೊಂಡಿ ಹಾಕಿದೆ. ಆ ತುದಿಯಲ್ಲಿ ಏನಿದೆ ಅಂತ ಓದುವವರಿಗೂ ಗೂಗಲ್‌ಗೂ ಅದರಿಂದಲೇ ತಿಳಿಯುವುದು. ದರದ ಪುಟಕ್ಕೆ ಮೊದಲು ಮೆನುವಿನಿಂದ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಹೀಗೆ ನಾಲ್ಕು ತಿಂಗಳಲ್ಲಿ ಹನ್ನೊಂದು ಬರಹ. ಕಂಡೆನ್ಸರ್ ಬಗ್ಗೆ ಬರೆಯುವಾಗ ಮಾವ ನಕ್ಕರು. "ಹಾಕ್ಬೇಡಿ ಅಂತ ಬರಿ. ಎಲ್ಲರೂ ಓದಿಬಿಟ್ರೆ ನನ್ನ ಅರ್ಧ ಯಾಪಾರ ಹೋಗ್ತೈತೆ, ಆದ್ರೂ ಬರಿ."

ವಿಳಾಸದಲ್ಲಿ ಸಿಕ್ಕಿಬಿದ್ದ ನೀರು

ಇದು ಚಿಕ್ಕ ಎಡವಟ್ಟು, ಆದರೆ ಕನ್ನಡದಲ್ಲಿ ಬರೆಯುವ ಎಲ್ಲರಿಗೂ ಬರುವಂಥದ್ದು. ಒಂದು ಬರಹದ ತಲೆಬರಹ "ಬೋರ್ ಮೋಟರ್ ಆನ್ ಆಗುತ್ತೆ, ನೀರು ಬರಲ್ಲ". ಪ್ರಕಟಿಸಿದ ಮೇಲೆ ವಿಳಾಸ ನೋಡಿದರೆ "ಬೋರ್-ಮೋಟರ್-ಆನ್-ಆಗುತ್ತೆ-ನೀ" ಅಂತ ನಿಂತಿದೆ. ನೀರು ಹೋಗಿ ನೀ ಉಳಿದಿದೆ. ಬರಹಕ್ಕೆ ತಕ್ಕ ವಿಳಾಸವೇ, ನೀರು ಬರಲಿಲ್ಲ.

ಲೆಕ್ಕ ಸುಲಭ. ವಿಳಾಸದ ಈ ತುಂಡಿಗೆ ವರ್ಡ್‌ಪ್ರೆಸ್ ಇಟ್ಟಿರುವ ಮಿತಿ 200 ಅಕ್ಷರ. ಯುನಿಕೋಡ್ ಅಕ್ಷರ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆ 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಗುರುತು ಸೇರಿ 3 ಅಕ್ಷರವಾಗುತ್ತದೆ. ಅಲ್ಲಿಗೆ ಒಂದು ಚಿಹ್ನೆಗೆ 9. ಒತ್ತಕ್ಷರ, ಕೊಂಬು, ಇಳಿ ಎಲ್ಲ ಬೇರೆ ಬೇರೆ ಚಿಹ್ನೆ. 22 ಚಿಹ್ನೆಗೆ ಮಿತಿ ಮುಗಿಯಿತು.

ಇದರಿಂದ ಹುಡುಕಾಟಕ್ಕೆ ದೊಡ್ಡ ಪೆಟ್ಟೇನಿಲ್ಲ. ಕನ್ನಡ ವಿಳಾಸ ಗೂಗಲ್‌ಗೆ ಅರ್ಥವಾಗುತ್ತದೆ. ಆದರೆ ಮಾವ ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಮೂರು ಸಾಲು ಶೇಕಡಾ ಗುರುತು ಹೋಗುತ್ತಿತ್ತು. "ಇದೇನೋ ಮೋಸದ ಲಿಂಕ್ ಇದ್ದಂಗೈತೆ" ಅಂತ ಒಬ್ಬರು ವಾಪಸ್ ಬರೆದರು. ಎಲ್ಲ ವಿಳಾಸವನ್ನೂ ಇಂಗ್ಲಿಷ್ ಅಕ್ಷರದ ಎರಡು ಮೂರು ಪದಕ್ಕೆ ಇಳಿಸಿದೆ. ಹಳೇ ವಿಳಾಸ ಒತ್ತಿದವರನ್ನು ವರ್ಡ್‌ಪ್ರೆಸ್ ತಾನೇ ಹೊಸದಕ್ಕೆ ಕಳಿಸುತ್ತದೆ.

ನಾನು ಮಾಡಿದ ಕಳ್ಳ ಕೆಲಸ

ಮೊದಲ ಬರಹ ಹಾಕಿ ಆರು ವಾರ ಆದರೂ ಸರ್ಚ್ ಕನ್ಸೋಲ್‌ನ ನಕ್ಷೆಯಲ್ಲಿ ಗೆರೆ ಏಳಲಿಲ್ಲ. ತಾಳ್ಮೆ ಹೋಯಿತು. ಒಂದು ರಾತ್ರಿ ಕೂತು ಹನ್ನೆರಡು ಪುಟ ಮಾಡಿದೆ. "ಚಳ್ಳಕೆರೆಯಲ್ಲಿ ಮೋಟರ್ ರಿವೈಂಡಿಂಗ್", "ಹೊಸದುರ್ಗದಲ್ಲಿ ಮೋಟರ್ ರಿವೈಂಡಿಂಗ್", "ಹೊಳಲ್ಕೆರೆಯಲ್ಲಿ...". ಒಳಗಿನ ಬರಹ ಒಂದೇ, ಊರಿನ ಹೆಸರು ಮಾತ್ರ ಬೇರೆ. ಅಲ್ಲೆಲ್ಲ ನಮ್ಮ ಅಂಗಡಿ ಇಲ್ಲ.

ಸರ್ಚ್ ಕನ್ಸೋಲ್‌ನಲ್ಲಿ ಒಂದೊಂದೂ "ಕ್ರಾಲ್ ಆಗಿದೆ, ಸದ್ಯಕ್ಕೆ ಇಂಡೆಕ್ಸ್ ಆಗಿಲ್ಲ" ಅನ್ನುವ ಸಾಲಿಗೆ ಹೋಗಿ ಕೂತವು. ಅಂದರೆ ಗೂಗಲ್ ಬಂತು, ಓದಿತು, ಬೇಡ ಅಂತ ಹೋಯಿತು. ಇಂಥವನ್ನು ಡೋರ್‌ವೇ ಪುಟ ಅನ್ನುತ್ತಾರೆ. ಗೂಗಲ್‌ನ ಸ್ಪ್ಯಾಮ್ ನಿಯಮದಲ್ಲಿ ಹೆಸರು ಹಿಡಿದೇ ಬೇಡ ಅಂದಿದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಹನ್ನೆರಡನ್ನೂ ಅಳಿಸಿದೆ. ಬದಲಿಗೆ ಎಲ್ಲಿಯವರೆಗೆ ಬರುತ್ತೇವೆ ಅನ್ನುವ ಒಂದೇ ಪುಟ ಮಾಡಿ, ಪೈಪ್ ಎತ್ತುವ ಗಾಡಿ ಎಷ್ಟು ದೂರ ಹೋಗುತ್ತದೆ, ಯಾವ ದಿಕ್ಕಿಗೆ ಯಾವ ದಿನ ಅಂತ ಬರೆದೆವು. ಅದು ಪಟ್ಟಿಗೆ ಸೇರಿತು.

ಗೆರೆ ಎದ್ದಾಗ

ಎರಡನೇ ತಿಂಗಳು ಮುಗಿಯುವಾಗ ಸಣ್ಣದಾಗಿ ಶುರುವಾಯಿತು. ಮೊದಲು ಬಂದದ್ದು ಇಂಪ್ರೆಶನ್, ಅಂದರೆ ಹುಡುಕಿದವರ ಪುಟದಲ್ಲಿ ನಮ್ಮ ಹೆಸರು ಕಾಣಿಸಿದ್ದು. ಕ್ಲಿಕ್ ಆಮೇಲೆ ಬಂತು.

ಯಾವ ಪದ ಹಾಕಿ ಬಂದರು ಅನ್ನುವ ಪಟ್ಟಿ ಓದುವುದು ನನಗೆ ಚಟವಾಯಿತು. ಕನ್ನಡ ಅಕ್ಷರದಲ್ಲಿ ಹುಡುಕಿದವರಿದ್ದರು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವರೂ ಇದ್ದರು. ಕೆಲವಂತೂ ಬರೆದದ್ದಲ್ಲ, ಮೈಕ್ ಒತ್ತಿ ಹೇಳಿದ್ದು ಅಂತ ಉದ್ದ ನೋಡಿದರೇ ಅನ್ನಿಸುತ್ತಿತ್ತು. ಮೋಟರ್, ಮೋಟಾರ್, ಮೋಟ್ರು ಮೂರೂ ಇದ್ದವು. ಬೋರ್‌ವೆಲ್ ಇತ್ತು. ನಾನು ಮೊದಲ ಲೇಖನದಲ್ಲಿ ಕಷ್ಟಪಟ್ಟು ಬಳಸಿದ್ದ ವೈಫಲ್ಯ ಎಲ್ಲೂ ಇರಲಿಲ್ಲ.

ಐದು ಎಚ್‌ಪಿಗೆ ಎಷ್ಟು ಆಂಪ್ಸ್ ಅನ್ನುವ ಬರಹ ಎಲ್ಲಕ್ಕಿಂತ ಜಾಸ್ತಿ ಕಾಣಿಸಿಕೊಂಡಿತು, ಕ್ಲಿಕ್ ಮಾತ್ರ ಕಡಿಮೆ. ಒಂದು ಅಂಕಿ ಬೇಕಾದವರಿಗೆ ಗೂಗಲ್ ಪುಟದಲ್ಲೇ ಉತ್ತರ ಕಂಡುಬಿಡುತ್ತದೆ, ಒಳಗೆ ಯಾಕೆ ಬರುತ್ತಾರೆ? ಸುಟ್ಟ ಕಾಯಿಲ್ ಫೋಟೋ ಇದ್ದ ಬರಹಕ್ಕೆ ಬಂದವರು ಕಡಿಮೆ, ಆದರೆ ಅಲ್ಲಿಂದ ದರದ ಪುಟಕ್ಕೆ ಹೋದರು. ಅಂಗಡಿಗೆ ಬೇಕಾದ್ದು ಇವರೇ.

ಒಂದು ಎಚ್ಚರ. ಬೋರ್ ಮೋಟರ್ ಕೆಲಸ ಬೇಸಿಗೆಯದು. ಮಾರ್ಚ್‌ನಲ್ಲಿ ಗೆರೆ ಏರಿದಾಗ ನಾನು ಬ್ಲಾಗ್‌ನಿಂದಲೇ ಅಂತ ಬೀಗಿದೆ. ಜೂನ್‌ನಲ್ಲಿ ಮಳೆ ಬಂತು, ಗೆರೆ ಇಳಿಯಿತು. ಹೋಲಿಸಬೇಕಾದ್ದು ಹೋದ ವರ್ಷದ ಅದೇ ತಿಂಗಳಿಗೆ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತದೆ. ಹಾಗಾಗಿ ತಿಂಗಳ ಕೊನೆಗೆ ಒಂದು ಹಾಳೆ ಇಳಿಸಿಕೊಂಡು ಇಡುತ್ತಿದ್ದೇನೆ.

ದೂರದ ಕರೆಗಳು

ನಾನು ಎಣಿಸಿರದ ತೊಂದರೆ ಇದು. ಕಲಬುರಗಿಯಿಂದ, ವಿಜಯಪುರದಿಂದ ಕರೆ ಬರತೊಡಗಿದವು. ಬರಹ ಓದಿದ್ದಾರೆ, ಮೋಟರ್ ಗುಂಯ್ ಅನ್ನುತ್ತಿದೆ, ಏನು ಮಾಡಲಿ ಅಂತ ಕೇಳುತ್ತಾರೆ. ಇವರು ಹಿರಿಯೂರಿಗೆ ಮೋಟರ್ ಹೊತ್ತು ತರುವುದಿಲ್ಲ. ಹುಡುಕಾಟದಲ್ಲಿ ಮೇಲೆ ಬಂದದ್ದು ನಿಜ, ಆದರೆ ವ್ಯಾಪಾರಕ್ಕೆ ಅದರಿಂದೇನು? ಸುತ್ತಲಿನವರು ಹತ್ತಿರದ ಅಂಗಡಿ ಹುಡುಕಿದಾಗ ಮ್ಯಾಪ್‌ನಲ್ಲಿ ಯಾರು ಮೇಲೆ ಅನ್ನುವುದನ್ನು ಗೂಗಲ್ ಬೇರೆ ಲೆಕ್ಕದಲ್ಲಿ ನೋಡುತ್ತದೆ. ಹುಡುಕಿದ್ದಕ್ಕೆ ಹೊಂದುತ್ತದಾ, ಎಷ್ಟು ದೂರ, ಎಷ್ಟು ಹೆಸರಿದೆ. ದೂರವನ್ನು ಯಾವ ಬ್ಲಾಗೂ ಕಡಿಮೆ ಮಾಡಲಾರದು.

ಪ್ರತಿ ಬರಹದ ಮೇಲೇ ಒಂದು ಸಾಲು ಸೇರಿಸಿದೆ. ಅಂಗಡಿ ಹಿರಿಯೂರಿನಲ್ಲಿದೆ, ಸುತ್ತ ಇಷ್ಟು ಕಿಲೋಮೀಟರ್ ಬರುತ್ತೇವೆ, ಒತ್ತಿದರೆ ಕರೆ ಹೋಗುತ್ತದೆ. ಮ್ಯಾಪ್‌ನ ಪ್ರೊಫೈಲಿನಲ್ಲಿ ಸೈಟಿನ ವಿಳಾಸ, ಅಂಗಡಿ ಸಮಯ, ಸರಿಯಾದ ವರ್ಗ ತುಂಬಿಸಿದೆ. ಅಂಗಡಿ ಹುಡುಗ ಈಗ ಫೋನ್ ಬಂದಾಗ ಎಲ್ಲಿ ನೋಡಿದ್ರಿ ಅಂತ ಕೇಳಿ ಪಕ್ಕದಲ್ಲಿ "ಗೂ" ಅಂತ ಬರೆಯುತ್ತಾನೆ. ಹೋದ ತಿಂಗಳು ಅಂಥವು ಒಂಬತ್ತು. ಅದರಲ್ಲಿ ಅಂಗಡಿಗೆ ಬಂದ ಮೋಟರ್ ನಾಲ್ಕು.

ಮಾವನಿಗೆ ನಾಲ್ಕು ಮೋಟರ್ ಲೆಕ್ಕ ಬೇಕಿರಲಿಲ್ಲ. ದೂರದವರ ಜೊತೆ ಹತ್ತು ಹತ್ತು ನಿಮಿಷ ಮಾತಾಡುತ್ತಾರೆ. ರಾತ್ರಿ ಪಾಳಿ ಕರೆಂಟ್ ಬಂದಾಗ ಕರೆ ಬರುತ್ತದೆ. ಸೈಟಿನಲ್ಲಿ ಕರೆ ಮಾಡುವ ಸಮಯ ಹಾಕೋಣ ಅಂದೆ. "ಮೋಟ್ರು ಸುಟ್ಟೋನಿಗೆ ಟೈಮ್ ಹೇಳ್ತಾರೇನೋ?" ಅಂದರು. ಹಾಕಲಿಲ್ಲ.

ಹೋದ ವಾರ ನೋಟ್‌ಬುಕ್ಕಿನಲ್ಲಿ ಹೊಸ ಪ್ರಶ್ನೆ ಮೂರು ಸಲ ಬಂದಿತ್ತು. ಸೋಲಾರ್ ಪಂಪ್‌ನ ಮೋಟರ್ ಓಡಿಸುವ ಪೆಟ್ಟಿಗೆ, ಅಂದರೆ ಡ್ರೈವ್, ಮಧ್ಯಾಹ್ನವೇ ನಿಂತುಬಿಡುತ್ತದೆ, ಯಾಕೆ. ನಾನು ತಲೆಬರಹ ಹಾಕಿ ಡ್ರಾಫ್ಟ್ ಇಟ್ಟು ಮಾವನಿಗೆ ಫೋನ್ ಮಾಡಿದೆ.

"ನಾನು ಇನ್ನೂ ಒಂದೂ ಬಿಚ್ಚಿಲ್ಲ ಕಣೋ. ಬಿಚ್ಚಿದ ಮೇಲೆ ಹೇಳ್ತೀನಿ, ಆಮೇಲೆ ಬರಿ."

ಡ್ರಾಫ್ಟ್ ಹಾಗೇ ಇದೆ. ಚಳ್ಳಕೆರೆ ಕಡೆಯಿಂದ ಯಾರೋ ಒಂದು ತಂದು ಹಾಕಿದ್ದಾರಂತೆ. ಈ ಭಾನುವಾರ ಹೋಗಬೇಕು.